ಹಟ್ಟಿ, ಕಳ್ಳೆ, ಬೇಲಿ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಹಳೆಯ ವಾಸನೆಲೆಗಳ ಸುತ್ತಣ ಗಿಡಗಳು

ಊರೊಂದು ಹಾಳುಬಿದ್ದ ಮೇಲೆ ಅದರ ಕುರುಹಾಗಿ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ನಮ್ಮ ಪ್ರಾದೇಶಿಕ ಚರಿತ್ರೆಯ ಅಧ್ಯಯನಗಳು ಸಾಮಾನ್ಯವಾಗಿ ಶಾಸನ, ವೀರಗಲ್ಲು, ಮುರುಕು ಗುಡಿ, ಮಡಕೆಯ ಚೂರು ಎಂಬ ಉತ್ತರವನ್ನು ಕೊಡುತ್ತವೆ. ಈ ಪಟ್ಟಿಗೆ ಗಿಡಗಳು ಸೇರುವುದು ವಿರಳ. ಶೀತದೇಶಗಳ ಗ್ರಾಮಚರಿತ್ರೆಯಲ್ಲಿ ಸಂಗತಿ ಬೇರೆಯಾಗಿದೆ. ಬಾಲ್ಕನ್ ಬೆಟ್ಟಗಳ ಮೂಲದ್ದಾದ ಲೈಲ್ಯಾಕ್ ಎಂಬ ನಸುನೇರಳೆ ಹೂವಿನ ಪೊದೆಯು ಹದಿನಾರನೆಯ ಶತಮಾನದಲ್ಲಿ ಇಸ್ತಾಂಬುಲಿನ ಮೂಲಕ ಪಶ್ಚಿಮ ಯುರೋಪನ್ನು ತಲುಪಿ, ಅಲ್ಲಿಂದ ವಲಸೆಗಾರರೊಡನೆ ಉತ್ತರ ಅಮೆರಿಕೆಗೆ ಹೋಯಿತು. ಅಲ್ಲಿ ಮನೆ ಕುಸಿದು, ನೆಲಮಾಳಿಗೆಯ ಗುಂಡಿ ಮುಚ್ಚಿಹೋದ ಎಡೆಯಲ್ಲಿಯೂ ಬಾಗಿಲ ಬಳಿ ನೆಟ್ಟಿದ್ದ ಪೊದೆ ಮಾತ್ರ ಬದುಕಿರುತ್ತದೆ. ಪೊದೆಯನ್ನು ಕಂಡು ಇಲ್ಲೊಂದು ಮನೆಯಿತ್ತೆಂದು ಗುರುತಿಸುವುದು ಅಲ್ಲಿನ ಸ್ಥಳೀಯ ಚರಿತ್ರಕಾರರಿಗೆ ವಾಡಿಕೆಯ ಮಾತು.

ಇದೇ ಬಗೆಯ ಓದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಹಳೆಯ ಹಟ್ಟಿಗಳ ವಿಷಯದಲ್ಲಿ ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆಯನ್ನು ನಂಬಿರುವ, ಕುರಿ ಮೇಕೆ ದನಗಳನ್ನು ಬೇಸಾಯದಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿ ಆಶ್ರಯಿಸಿರುವ ಈ ಸೀಮೆಯಲ್ಲಿ ಮನೆಯ ಸುತ್ತ ಹೂವಿನ ಪೊದೆಗಿಂತ ಮುಳ್ಳು ಮೊದಲು ಬರುತ್ತದೆ. ಆ ಮುಳ್ಳು ನೆಟ್ಟದ್ದೋ ಕಡಿದು ತಂದದ್ದೋ ಎಂಬುದು ನೋಡುವುದಕ್ಕೆ ಸಣ್ಣ ವ್ಯತ್ಯಾಸ. ಆದರೆ ಯಾರ ಚರಿತ್ರೆ ಉಳಿಯಿತು, ಯಾರದು ಅಳಿಯಿತು ಎಂಬುದು ಬಹುಮಟ್ಟಿಗೆ ಈ ವ್ಯತ್ಯಾಸವನ್ನೇ ಅವಲಂಬಿಸಿದೆ ಎಂಬುದು ಈ ಲೇಖನದ ಪ್ರತಿಪಾದನೆ.

ಹಟ್ಟಿ ಎಂಬ ಶಬ್ದ

ಮೊದಲು ಶಬ್ದವನ್ನೇ ಗಮನಿಸಬಹುದು. ಹಳಗನ್ನಡದ ಪಟ್ಟಿ ಎಂಬುದು ಪಕಾರ ಹಕಾರವಾಗುವ ಸಾಮಾನ್ಯ ನಿಯಮದಂತೆ ಹಟ್ಟಿಯಾಗಿದೆ. ತಮಿಳಿನಲ್ಲಿ ಪಟ್ಟಿ ಎಂದರೆ ಇಂದಿಗೂ ದನದ ದೊಡ್ಡಿ, ಕುರಿಯ ಮಂದೆ ನಿಲ್ಲುವ ಆವರಣ; ಜೊತೆಗೆ ಸಣ್ಣ ಊರು ಎಂಬ ಅರ್ಥವೂ ಉಂಟು. ಬೇಲಿಯೊಳಗಣ ಎಡೆ ಎಂಬ ಅರ್ಥ ಮೊದಲಿನದು, ಮನುಷ್ಯರ ವಾಸಸ್ಥಾನ ಎಂಬ ಅರ್ಥ ಅದರಿಂದ ಬೆಳೆದದ್ದು ಎಂದು ಭಾವಿಸುವುದು ಯುಕ್ತವಾಗಿ ತೋರುತ್ತದೆ. ದನಕ್ಕೆ ಕಟ್ಟಿದ ಆವರಣದಲ್ಲಿ ಮನುಷ್ಯನೂ ಉಳಿದುಕೊಂಡ ಎಂಬ ಕ್ರಮ ಇದರಲ್ಲಿ ಅಡಗಿದೆ. ನಾಯಕನಹಟ್ಟಿ, ನಲಗೇತನಹಟ್ಟಿ, ಬೋಸೇದೇವರಹಟ್ಟಿ ಮೊದಲಾಗಿ ಈ ಸೀಮೆಯ ಊರ ಹೆಸರುಗಳಲ್ಲಿ ಹಟ್ಟಿ ಎಂಬ ಉತ್ತರಪದ ಎಡೆಬಿಡದೆ ಬರುವುದು ಇದಕ್ಕೆ ಪೂರಕವಾಗಿದೆ. ಕಾಡುಗೊಲ್ಲರ ನೆಲೆಗಳಂತೂ ಊರಿನ ಪಕ್ಕದಲ್ಲಿದ್ದೂ ಊರೆನಿಸಿಕೊಳ್ಳದೆ ಗೊಲ್ಲರಹಟ್ಟಿ ಎಂದೇ ಕರೆಯಿಸಿಕೊಳ್ಳುತ್ತವೆ.

ಇನ್ನೊಂದು ಶಬ್ದ ಕಳ್ಳೆ. ಕಡಿದು ತಂದ ಮುಳ್ಳುಕೊಂಬೆಗೆ ಈ ಭಾಗದ ಆಡುಮಾತಿನಲ್ಲಿರುವ ಹೆಸರು ಇದು. ಬಾರೆ ಎಂದರೆ ಗಿಡ. ಬಾರೆ ಕಳ್ಳೆ ಎಂದರೆ ಅದರ ಕಡಿದ ಮುಳ್ಳು. ಬೇಲಿಗೆ ಒಂದು, ಬೇಲಿಯ ಸಾಮಗ್ರಿಗೆ ಇನ್ನೊಂದು ಎಂದು ಹೀಗೆ ಬೇರೆ ಹೆಸರುಗಳನ್ನು ಇರಿಸಿಕೊಂಡ ಭಾಷೆಯು ನೆಟ್ಟ ಬೇಲಿ ಮತ್ತು ಹಾಕಿದ ಬೇಲಿ ಎಂಬ ಭೇದವನ್ನು ಚೆನ್ನಾಗಿ ಬಲ್ಲದು. ಚಳ್ಳಕೆರೆಯ ಹೆಸರನ್ನು ಅಂಟಂಟಾದ ಹಣ್ಣಿನ ಚಳ್ಳೆಮರಕ್ಕೆ ಜೋಡಿಸುವ ಜನಪ್ರಿಯ ನಿಷ್ಪತ್ತಿಯೊಂದಿದೆ. ಕೇಳಲು ಹಿತವಾದರೂ ಅದರ ಮೇಲೆ ಚರಿತ್ರೆಯ ಭಾರವನ್ನು ಹೊರಿಸುವುದು ಸಾಧುವಲ್ಲ.

ಮೇವು, ಬೇಲಿ, ಉರುವಲು

ಕಾಡುಗೊಲ್ಲರ ಹಟ್ಟಿ ಮತ್ತು ಮ್ಯಾಸಬೇಡರ ಹಟ್ಟಿ ಎರಡರಲ್ಲಿಯೂ ಹಳೆಯ ಕ್ರಮದ ಬೇಲಿ ಎಂದರೆ ಕಳ್ಳೆಯ ಬೇಲಿ. ಕುರಿಮಂದೆಯ ರೊಪ್ಪಕ್ಕೂ, ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಕೂಡುವ ಆವರಣಕ್ಕೂ ಇದೇ ಸಾಮಗ್ರಿ. ಬಾರೆ, ಕಾರೆ, ಕರಿಜಾಲಿ, ಬಿಳಿಜಾಲಿ ಮೊದಲಾದ ಗಿಡಗಳ ಕೊಂಬೆಗಳನ್ನು ಬುಡ ಒಳಗೆ, ತುದಿ ಹೊರಗೆ ಬರುವಂತೆ ಒಂದರ ಮೇಲೊಂದು ಒತ್ತಿ ಹಾಕಿದರೆ ತೋಳ, ಕಿರುಬಗಳು ಒಳನುಗ್ಗಲಾರವು. ಇದರ ಹಿಂದಿರುವ ಮಿತವ್ಯಯವನ್ನು ವಿವರವಾಗಿ ಗಮನಿಸಬೇಕು. ಬಾರೆ ಮತ್ತು ಜಾಲಿಯ ಸೊಪ್ಪು ಕಾಯಿಗಳು ಮೇಕೆಗೆ ಪ್ರಿಯವಾದ ಮೇವು. ಬೇಸಗೆಯಲ್ಲಿ ನೆಲದ ಹುಲ್ಲು ಒಣಗಿದಾಗ ಕುರಿಗಾಹಿಯು ಕೊಂಬೆಯನ್ನು ಸವರಿ ಮಂದೆಯ ಮುಂದೆ ಹಾಕುತ್ತಾನೆ. ಸೊಪ್ಪು ತಿಂದಾದ ಮೇಲೆ ಉಳಿಯುವುದು ಮುಳ್ಳಿನ ಕೊಂಬೆ. ಅದು ರೊಪ್ಪದ ಬೇಲಿಗೆ ಸೇರುತ್ತದೆ. ಬಿಸಿಲಿಗೆ ಒಣಗಿ, ಗೆದ್ದಲು ಹತ್ತಿ ಸಡಿಲವಾದಾಗ ಹೊಸ ಕಳ್ಳೆ ಮೇಲೆ ಬೀಳುತ್ತದೆ, ಹಳೆಯದು ಒಲೆಗೆ ಹೋಗುತ್ತದೆ. ಒಂದೇ ಕೊಂಬೆ ಮೊದಲು ಮೇವು, ಆಮೇಲೆ ಬೇಲಿ, ಕಡೆಗೆ ಉರುವಲು. ಬೇಲಿಗೆಂದೇ ಗಿಡ ಕಡಿಯುವ ಪ್ರಸಂಗ ಇಲ್ಲಿ ಕಡಿಮೆ. ಗಿಡವೂ ಸಾಯುವುದಿಲ್ಲ, ಸವರಿದ ಬಾರೆ ಮಳೆ ಬಿದ್ದೊಡನೆ ಚಿಗುರುತ್ತದೆ.

ಈ ವ್ಯವಸ್ಥೆಯ ಗುಣವೇ ಚರಿತ್ರಕಾರನಿಗೆ ತೊಡಕಾಗಿ ಪರಿಣಮಿಸುತ್ತದೆ. ಇಂಥ ಬೇಲಿ ತನ್ನ ಹಿಂದೆ ಏನನ್ನೂ ಬಿಡುವುದಿಲ್ಲ. ಹಟ್ಟಿ ಜಾಗ ಬದಲಾಯಿಸಿದ ಮೂರು ನಾಲ್ಕು ವರ್ಷಗಳಲ್ಲಿ ಬೇಲಿಯ ಗೆರೆ ನೆಲದ ಮೇಲೆ ಕಾಣದಾಗುತ್ತದೆ. ಗುಡಿಸಲು ಹುಲ್ಲಿನದಾದರೆ ಅದೂ ಇಲ್ಲ. ಆದ್ದರಿಂದ ಇದ್ದುಳಿದ ಪೊದೆಯನ್ನು ಹಿಡಿದು ಮನೆಯನ್ನು ಹುಡುಕುವ ವಿಧಾನ ನೆಟ್ಟವರ ವಿಷಯದಲ್ಲಿ ಫಲಿಸಬಲ್ಲದು. ಕಡಿದು ತಂದು ಹಾಕಿದವರ ವಿಷಯದಲ್ಲಿ ಅದೇ ವಿಧಾನ ಇಲ್ಲಿ ಯಾರೂ ಇರಲಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಎಳೆಯುತ್ತದೆ. ಪಶುಪಾಲಕರ ನೆಲವನ್ನು ಖಾಲಿ ಬಯಲೆಂದು ಕರೆದ ಆಡಳಿತದ ದಾಖಲೆಗಳ ಹಿಂದೆ ಈ ದೃಷ್ಟಿದೋಷವೂ ಒಂದಿಷ್ಟು ಕೆಲಸ ಮಾಡಿದೆ ಎಂದು ಹೇಳಿದರೆ ತಪ್ಪಾಗಲಾರದು.

ಹಾಗೆಂದು ಕುರುಹು ಸಂಪೂರ್ಣ ಅಳಿಯುತ್ತದೆಂದಲ್ಲ. ಮೇಕೆ ತಿಂದ ಜಾಲಿಕಾಯಿಯ ಬೀಜಗಳಲ್ಲಿ ಕೆಲವು ಜೀರ್ಣವಾಗದೆ ಹಿಕ್ಕೆಯೊಡನೆ ರೊಪ್ಪದ ನೆಲಕ್ಕೆ ಬೀಳುತ್ತವೆ. ಮಂದೆಯಿರುವಷ್ಟು ಕಾಲ ತುಳಿತಕ್ಕೆ ಮೊಳಕೆ ನಿಲ್ಲುವುದಿಲ್ಲ. ಮಂದೆ ಹೋದ ಮೇಲೆ ಗೊಬ್ಬರ ತುಂಬಿದ ಆ ಕಪ್ಪು ನೆಲದಲ್ಲಿ ಅವು ಒಟ್ಟಿಗೆ ಏಳುತ್ತವೆ. ಸುತ್ತಲ ನೆಲ ಬೋಳಾಗಿದ್ದು, ನಡುವೆ ಒಂದೇ ವಯಸ್ಸಿನ ಜಾಲಿಗಳ ಗುಂಪೊಂದು ಕಪ್ಪು ಮಣ್ಣಿನ ಮೇಲೆ ನಿಂತಿದ್ದರೆ ಅಲ್ಲಿ ಹಿಂದೆ ರೊಪ್ಪವಿತ್ತೇ ಎಂದು ವಿಚಾರಿಸುವುದು ಅವಶ್ಯ. ಅಲ್ಲಿ ಬೇಲಿ ಸತ್ತಿದೆ, ಬೇಲಿಯೊಳಗಣ ನೆಲ ಮರವಾಗಿದೆ.

ಕೂಡುಬೇಲಿಯ ಪ್ರಾಚೀನತೆಗೆ ನೆರೆಯ ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ಸಾಕ್ಷ್ಯ ಒದಗಿಸುತ್ತವೆ. ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನದಲ್ಲಿ, ಇಂಥ ದಿಬ್ಬವು ನವಶಿಲಾಯುಗದ ದನದೊಡ್ಡಿಯ ಸಗಣಿ ಮತ್ತೆ ಮತ್ತೆ ಸುಟ್ಟು ಉಂಟಾದುದೆಂದೂ ದೊಡ್ಡಿಯ ಸುತ್ತ ಕಂಬಗಳ ಬೇಲಿ ಇತ್ತೆಂದೂ ಸ್ಪಷ್ಟವಾಯಿತು. ಕಂಬ ನೆಟ್ಟ ಗುಣಿಗಳು ನೆಲದಲ್ಲಿ ಉಳಿದದ್ದರಿಂದ ಇದು ತಿಳಿಯಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದರು. ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದೂ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಈ ಪರಿಸರದಲ್ಲಿಯೇ. ಶಾಸನಕ್ಕೂ ಬೃಹತ್ ಶಿಲಾಗೋರಿಗೂ ದೊರೆತ ಗಮನದ ಅಲ್ಪಾಂಶವೂ ಅದೇ ಬೆಟ್ಟದ ತಪ್ಪಲಿನ ರೊಪ್ಪಗಳಿಗೆ ದೊರೆತಿಲ್ಲ.

ಕ್ಯಾತಪ್ಪನ ಮುಳ್ಳುಗುಡಿ

ಕಳ್ಳೆಯ ಬೇಲಿ ನೆಲದಲ್ಲಿ ಉಳಿಯದಿದ್ದರೂ ಆಚರಣೆಯಲ್ಲಿ ಉಳಿದಿದೆ. ಚಳ್ಳಕೆರೆ ತಾಲ್ಲೂಕಿನ ಚನ್ನಮ್ಮನಾಗತಿಹಳ್ಳಿ–ಪುರ್ಲೆಹಳ್ಳಿ ಪರಿಸರದಲ್ಲಿ ನಡೆಯುವ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆ ಇದಕ್ಕೆ ನಿದರ್ಶನ. ಇಲ್ಲಿ ದೇವರ ಗುಡಿ ಕಲ್ಲಿನದಲ್ಲ, ಇಟ್ಟಿಗೆಯದಲ್ಲ. ಬಾರೆ ಕಳ್ಳೆಯೇ ಮೊದಲಾದ ಮುಳ್ಳುಗಳನ್ನು ಆಳೆತ್ತರ ಮೀರಿ ಒಟ್ಟಿ ಜಾತ್ರೆಗೆಂದು ಗುಡಿಯನ್ನು ಹೊಸದಾಗಿ ಕಟ್ಟಲಾಗುತ್ತದೆ; ಅದರ ತುದಿಯಲ್ಲಿ ಕಳಶವಿರುತ್ತದೆ. ನಿಗದಿತ ಬೆಡಗುಗಳ ಯುವಕರು ಬರಿಗಾಲಿನಲ್ಲಿ ಮುಳ್ಳಿನ ಮೇಲೆ ಹತ್ತಿ ಕಳಶವನ್ನು ಕಿತ್ತು ತರುತ್ತಾರೆ. ಪತ್ರಿಕೆಗಳು ಇದನ್ನು ಮೈನವಿರೇಳಿಸುವ ಸಾಹಸವೆಂದು ಬಣ್ಣಿಸುವುದೇ ಹೆಚ್ಚು. ಅದಕ್ಕಿಂತ ಮುಖ್ಯವಾದುದು ಗುಡಿಯ ಸ್ವರೂಪ. ಇದು ರೊಪ್ಪದ ಬೇಲಿಯೇ ಮೇಲಕ್ಕೆದ್ದು ಗುಡಿಯಾದ ರೂಪವೆಂದು ನನ್ನ ತಿಳಿವಳಿಕೆ. ಪ್ರತಿಸಲವೂ ಹೊಸ ಮುಳ್ಳು ಬೇಕು, ಹಳೆಯದು ಉಳಿಯಬಾರದು ಎಂಬ ಕ್ರಮ ಬೇಲಿಯದೇ ಕ್ರಮ. ಸ್ಥಿರವಾದ ಗರ್ಭಗುಡಿಯನ್ನು ಬಯಸದ ಈ ದೇವರು ನಡೆದಾಡುವ ಜನರ ದೇವರು.

ತೀ.ನಂ. ಶಂಕರನಾರಾಯಣ ಅವರ ಕಾಡುಗೊಲ್ಲರ ಅಧ್ಯಯನದಿಂದ ಮೊದಲ್ಗೊಂಡು ಈ ಸಮುದಾಯದ ಸಂಪ್ರದಾಯಗಳ ಕುರಿತು ಕನ್ನಡದಲ್ಲಿ ಗಣನೀಯ ಕೆಲಸ ನಡೆದಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಎಂಬ ಓದುಬರಹವರಿಯದ ಹಾಡುಗಾರ್ತಿಯ ಕಂಠದಲ್ಲಿದ್ದ ಅಪಾರ ಹಾಡುಗಳು ಗ್ರಂಥಸ್ಥವಾಗಿವೆ. ಜುಂಜಪ್ಪ, ಎತ್ತಪ್ಪ ಮೊದಲಾದ ಸಾಂಸ್ಕೃತಿಕ ವೀರರ ಕಥನಗಳನ್ನು ವೀರ, ಪವಾಡ, ಕುಲಮೂಲದ ದೃಷ್ಟಿಯಿಂದ ಓದಿದಷ್ಟು ಅವುಗಳೊಳಗಣ ಗಿಡ, ಮೇವು, ಬೇಲಿಗಳ ವಿವರಗಳ ದೃಷ್ಟಿಯಿಂದ ಓದಬೇಕಾದ ಕೆಲಸ ಇನ್ನೂ ಇದೆ.

ಬೇಲಿಯ ಹೊರಗೆ

ಬೇಲಿಯ ಗುಣಗಾನವಷ್ಟೇ ಇಲ್ಲಿಯ ಉದ್ದೇಶವಲ್ಲ. ಕಾಡುಗೊಲ್ಲರ ಹಟ್ಟಿಯ ಬೇಲಿ ತೋಳವನ್ನು ತಡೆದಂತೆಯೇ ತನ್ನ ಹೆಣ್ಣುಮಕ್ಕಳನ್ನೂ ತಡೆದಿದೆ. ಮುಟ್ಟಾದವರು ಹಟ್ಟಿಯ ಹೊರಗೆ ಕಾಲ ಕಳೆಯುವುದು, ಹೆರಿಗೆಯಾದ ತಾಯಿ ಹಸುಗೂಸಿನೊಡನೆ ಹೊರಗಣ ಗುಡಿಸಲಿನಲ್ಲಿ ದಿನಗಳನ್ನು ಎಣಿಸುವುದು ಈ ಬೇಲಿಯನ್ನು ಮಡಿಯ ಗೆರೆಯನ್ನಾಗಿ ಗ್ರಹಿಸಿದ್ದರ ಫಲ. ಚಳಿಯಲ್ಲಿ ಮಳೆಯಲ್ಲಿ ಆ ಗುಡಿಸಲಿನಲ್ಲಿ ತಾಯಿಮಕ್ಕಳು ಪಟ್ಟ ಪಾಡನ್ನು ಸಂಪ್ರದಾಯ ಎಂಬ ಒಂದು ಮಾತಿನಲ್ಲಿ ಮುಚ್ಚಿಬಿಡುವ ಜಾನಪದ ಬರಹಗಳು ನಮ್ಮಲ್ಲಿ ಕಡಿಮೆಯಿಲ್ಲ. ಮುಟ್ಟಾದ ಹಾಗೂ ಗರ್ಭಿಣಿ ಸ್ತ್ರೀಯರನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯ್ದೆ ಅಪರಾಧವೆಂದು ಪರಿಗಣಿಸಿದೆ. ಕಳ್ಳೆಯ ಬೇಲಿ ಹೋಗಿ ಸಿಮೆಂಟಿನ ರಸ್ತೆ ಬಂದ ಹಟ್ಟಿಗಳಲ್ಲಿಯೂ ಕಾಣದ ಬೇಲಿಯ ಗೆರೆ ಮನಸ್ಸಿನಲ್ಲಿ ಉಳಿದಿರಬಹುದು ಎಂಬ ಎಚ್ಚರ ಅಗತ್ಯ.

ಇದೇ ಸಂದರ್ಭದಲ್ಲಿ ಲಕ್ಕಿಯ ಮಾತು ಬರುತ್ತದೆ. ಹಳ್ಳದ ದಂಡೆಗಳಲ್ಲಿ ತಾನಾಗಿ ಬೆಳೆಯುವ, ಹಿತ್ತಿಲ ಬೇಲಿಗೆ ಕಡ್ಡಿ ನೆಟ್ಟರೂ ಚಿಗುರುವ ಲಕ್ಕಿಯ ಸೊಪ್ಪು ಬಾಣಂತಿಯ ಸ್ನಾನದ ನೀರಿಗೆ, ಮೈಕೈ ನೋವಿನ ಶಾಖಕ್ಕೆ, ಕಾಳಿನ ನಡುವೆ ಹುಳು ಬಾರದಂತೆ ಹಾಕುವುದಕ್ಕೆ ಬಳಕೆಯಾಗುತ್ತದೆ. ಅದರ ತೆನೆಹೂವು ನಸುನೇರಳೆ. ಶೀತದೇಶದ ಲೈಲ್ಯಾಕನ್ನು ಬಣ್ಣದಲ್ಲಿ ನೆನಪಿಸುವ ಗಿಡವೊಂದನ್ನು ಈ ಸೀಮೆಯಲ್ಲಿ ಹುಡುಕಬೇಕೆಂದರೆ ಲಕ್ಕಿಯನ್ನೇ ತೋರಿಸಬೇಕು. ಆದರೆ ಯಾರೂ ಅದನ್ನು ಹೂವಿಗಾಗಿ ನೆಟ್ಟವರಲ್ಲ.

ನೆಟ್ಟ ಬೇಲಿಗಳ ಪದರಗಳು

ಇನ್ನು ನೆಟ್ಟ ಬೇಲಿಗಳು. ಮೇಕೆಯ ನಾಡಿನಲ್ಲಿ ಜೀವಂತ ಬೇಲಿ ಬದುಕಬೇಕಾದರೆ ಮೇಕೆ ಅದನ್ನು ತಿನ್ನಬಾರದು. ಹಾಲು ಸುರಿಸುವ ಕಳ್ಳಿ, ಹಳದಿ ಹೂವಿನ ತಂಗಡಿ, ಬಂದರೆ, ಲಕ್ಕಿ ಮೊದಲಾದವು ಬೇಲಿಯಲ್ಲಿ ಉಳಿದುಕೊಂಡದ್ದು ಈ ಕಾರಣದಿಂದ. ಇವುಗಳಲ್ಲಿ ತಂಗಡಿಗೆ ದೀಪಾವಳಿಯ ದಿನ ವಿಶೇಷ ಮರ್ಯಾದೆ. ಸಗಣಿಯ ಗುಪ್ಪೆಗೆ ಉತ್ರಾಣಿ ಕಡ್ಡಿಯೊಡನೆ ಸಿಕ್ಕಿಸಿ ಪೂಜಿಸುವ ಹೂವುಗಳಲ್ಲಿ ಅದೂ ಒಂದು.

ಕಳ್ಳಿಯ ಬೇಲಿ ರಾಜಕೀಯ ಚರಿತ್ರೆಗೂ ಅಪರಿಚಿತವಲ್ಲ. 1791–92ರ ಮೈಸೂರು ಯುದ್ಧದ ವಿವರಗಳಲ್ಲಿ ಬೆಂಗಳೂರು ಪೇಟೆಯ ಹಾಗೂ ಶ್ರೀರಂಗಪಟ್ಟಣದ ಸುತ್ತ ಇದ್ದ ದಟ್ಟವಾದ ಮುಳ್ಳುಬೇಲಿಗಳು ಕೋಟೆಯ ಮೊದಲ ಸುತ್ತಿನಂತೆ ಕಾಣಿಸಿಕೊಳ್ಳುತ್ತವೆ. ಪಾಳೆಯಗಾರರ ಚಿತ್ರದುರ್ಗ ಸೀಮೆಯ ಹಳ್ಳಿಗಳೂ ಇಂಥ ರಕ್ಷಣೆಯನ್ನು ಬಲ್ಲವಾಗಿದ್ದವೆಂದು ತಿಳಿಯಲು ಅಡ್ಡಿಯಿಲ್ಲ. ಉತ್ತರ ಭಾರತದಲ್ಲಿ ಬ್ರಿಟಿಷರು ಉಪ್ಪಿನ ಸುಂಕ ವಸೂಲಿಗಾಗಿ ನೂರಾರು ಮೈಲಿ ಉದ್ದಕ್ಕೆ ಬೆಳೆಸಿದ್ದ ಬೇಲಿಯನ್ನು 1879ರಲ್ಲಿ ಕೈಬಿಡಲಾಯಿತು. ಅದರಲ್ಲಿದ್ದ ಗಿಡಗಳು ಬಾರೆ, ಜಾಲಿ, ಕವಳೆಯ ಜಾತಿಯವು, ಕಳ್ಳಿ ಮತ್ತು ಪಾಪಾಸುಕಳ್ಳಿ. ಹಟ್ಟಿಯ ರೊಪ್ಪಕ್ಕೂ ಸಾಮ್ರಾಜ್ಯದ ಸುಂಕಕ್ಕೂ ಒಂದೇ ಮುಳ್ಳು ಒದಗಿಬಂದಿದೆ.

ಪಾಪಾಸುಕಳ್ಳಿ ಎಂಬ ಹೆಸರಿನಲ್ಲಿಯೇ ಅದರ ಚರಿತ್ರೆಯ ಸುಳಿವಿದೆ. ಅಮೆರಿಕ ಮೂಲದ ಈ ಗಿಡ ನಮ್ಮ ಕಳ್ಳಿಗಳಿಗೆ ಬಂಧುವಲ್ಲ. ಮುಳ್ಳು ಮತ್ತು ತಿರುಳಿನ ಹೋಲಿಕೆಯಿಂದ ಕನ್ನಡ ಅದನ್ನು ಕಳ್ಳಿಯ ಗುಂಪಿಗೆ ಸೇರಿಸಿಕೊಂಡಿತು. ಪಾಪಾಸು ಎಂದರೆ ಪಾದರಕ್ಷೆ, ಪಾರಸಿ ಮೂಲದ ಮಾತು. ಮೆಟ್ಟಿನ ಅಟ್ಟೆಯಂತೆ ಚಪ್ಪಟೆಯಾದ ಅದರ ತುಂಡುಗಳನ್ನು ನೋಡಿ ಈ ಹೆಸರಿಟ್ಟಿರಬೇಕು. ಹೀಗಾಗಿ ಪಾರಸಿ ಶಬ್ದಗಳು ಕನ್ನಡದ ದಿನಬಳಕೆಯಲ್ಲಿ ಬೇರೂರಿದ ಮೇಲಿನ ನಾಮಕರಣವಿದು. ಸೀಮೆಹುಣಸೆ, ಸೀಮೆಜಾಲಿಗಳಲ್ಲಿರುವ ಸೀಮೆ ಎಂಬ ಪೂರ್ವಪದವೂ ಹೊರಗಿನಿಂದ ಬಂದದ್ದನ್ನು ಸೂಚಿಸುತ್ತದೆ. ಬಾರೆ, ಕಾರೆ, ಜಾಲಿ, ಲಕ್ಕಿ, ತಂಗಡಿಗಳಿಗೆ ಇಂಥ ಪೂರ್ವಪದದ ಅವಶ್ಯಕತೆ ಬೀಳಲಿಲ್ಲ. ಬೇಲಿಯ ಗಿಡಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಸಸ್ಯಶಾಸ್ತ್ರಕ್ಕಿಂತ ಮೊದಲು ಶಬ್ದಶಾಸ್ತ್ರ ನೆರವಾಗುವುದು ಹೀಗೆ.

ಪಾಪಾಸುಕಳ್ಳಿಯ ಅಳಿವಿಗೆ ಇನ್ನಷ್ಟು ಖಚಿತವಾದ ಕಾಲಸೂಚನೆಯಿದೆ. ಕೆಂಪು ಬಣ್ಣ ತಯಾರಿಸುವ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ತಂದ ಕೊಚಿನೀಲ್ ಕೀಟ, ಬಣ್ಣಕ್ಕೆ ಒದಗುವ ಜಾತಿಯದಾಗಿರದೆ ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಬಗೆಗಳು ದಕ್ಷಿಣದಲ್ಲಿ ಹೊಲ ಬಯಲುಗಳನ್ನು ಆಕ್ರಮಿಸಿದ್ದವು. 1926ರಲ್ಲಿ ಶ್ರೀಲಂಕೆಯಿಂದ ಇನ್ನೊಂದು ಜಾತಿಯ ಕೀಟವನ್ನು ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಅವೂ ಬಹುಮಟ್ಟಿಗೆ ನಾಶವಾದವು. ಹಾಗಾಗಿ ಹಾಳುಹಟ್ಟಿಯೊಂದರ ಸುತ್ತ ಪಾಪಾಸುಕಳ್ಳಿ ಕಾಣದಿದ್ದರೆ ಅಲ್ಲಿ ಅದನ್ನು ನೆಟ್ಟಿರಲಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಹಿರಿಯರ ನೆನಪಿನಲ್ಲಿ ಅದರ ಹಣ್ಣಿನ ಕೆಂಪು ಉಳಿದಿದೆಯೇ ಎಂದು ಕೇಳುವುದೊಂದೇ ದಾರಿ. ಕತ್ತಾಳೆಯೂ ಅಮೆರಿಕದ್ದೇ, ನಾರಿಗೂ ಬದುವಿಗೂ ಒದಗುವ ಅದು ಹೊಲದ ಅಂಚಿನಲ್ಲಿ ನಿಂತಷ್ಟು ಹಟ್ಟಿಯ ಸುತ್ತ ನಿಂತಿಲ್ಲ.

ತೆರವಾದ ಜಾಗಕ್ಕೆ ಬಂದದ್ದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಇದರ ಮೂಲವೂ ಅಮೆರಿಕ ಖಂಡ. ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿ ಬೆ಼ಡೋಮ್ 1876ರಲ್ಲಿ ಇದರ ಬೀಜ ತರಿಸಲು ಪತ್ರ ಬರೆದರು. ಮುಂದಿನ ವರ್ಷಗಳಲ್ಲಿ ಕಡಪ ಸೀಮೆಯಲ್ಲಿ ಬಿತ್ತನೆಯಾಯಿತು. 1876–78 ದಕ್ಷಿಣದ ಭೀಕರ ಕ್ಷಾಮದ ವರ್ಷಗಳೂ ಹೌದು. ಮೈಸೂರು ಸಂಸ್ಥಾನದ ಅಂಚಿನಲ್ಲಿದ್ದ ಮೊಳಕಾಲ್ಮೂರಿನ ಜನ ಈ ಗಿಡವನ್ನು ಪಕ್ಕದ ಮದರಾಸು ಪ್ರಾಂತ್ಯದ ಬಳ್ಳಾರಿಯ ಹೆಸರಿನಿಂದ ಗುರುತಿಸಿದ್ದು ಅದು ಬಂದ ದಿಕ್ಕನ್ನು ಹೇಳುತ್ತದೆ ಎಂದು ತೋರುತ್ತದೆ. ಇದರ ಸೊಪ್ಪನ್ನು ಮೇಕೆ ಮುಟ್ಟುವುದಿಲ್ಲವಾದ್ದರಿಂದ ಬೇಲಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಸಿಹಿಯಾದ ಕಾಯನ್ನು ಮೇಕೆ ಬಿಡುವುದಿಲ್ಲ. ಬೀಜ ಹಿಕ್ಕೆಯೊಡನೆ ಹೊಲಕ್ಕೆ, ಕೆರೆಯ ಅಂಗಳಕ್ಕೆ, ಹಳ್ಳಕ್ಕೆ ಹರಡಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾದ ಇನ್ನೊಂದು ಪ್ರಸಂಗವಿರಲಾರದು. ಮೇವು, ಬೇಲಿ, ಉರುವಲು ಎಂಬ ಹಳೆಯ ಕ್ರಮದಲ್ಲಿ ಮೊದಲನೆಯದನ್ನು ಕಿತ್ತುಹಾಕಿದ ಗಿಡವಿದು. ಬಡವರ ಒಲೆಗೂ ಇದ್ದಿಲ ಗೂಡಿಗೂ ಇದೇ ಆಧಾರವಾಗಿರುವುದರಿಂದ ಬರಿಯ ಶತ್ರುವೆಂದು ಬಗೆಯುವುದೂ ಕಷ್ಟ. ಹಾಳೂರುಗಳನ್ನು ಓದುವವನಿಗಂತೂ ಇದು ಉಪದ್ರವವೇ. ರೊಪ್ಪದ ಕಪ್ಪು ನೆಲದಲ್ಲಿ ನಾಟಿ ಜಾಲಿ ಏಳಬೇಕಾದಲ್ಲಿ ಇದೇ ಎದ್ದು ಎಲ್ಲ ಗುರುತನ್ನೂ ಮುಚ್ಚುತ್ತದೆ.

ಬೇವು ಮತ್ತು ಹುಣಸೆ

ಮರಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಹೇಳಬಹುದು. ಮನೆಯ ಮುಂದೆ ನಿಲ್ಲುವುದು ಬೇವು. ಇಂಗ್ಲಿಷರು ಭಾರತದಲ್ಲಿ ತಮ್ಮ ಊರಿನ ಪೊದೆಯನ್ನು ಕಾಣದೆ, ಬೇವಿನ ಹೂಗೊಂಚಲಿನಲ್ಲಿ ಅದರ ಹೋಲಿಕೆಯನ್ನು ಕಂಡು ಇದನ್ನೇ ಇಂಡಿಯನ್ ಲೈಲ್ಯಾಕ್ ಎಂದು ಕರೆದದ್ದುಂಟು. ಹೋಲಿಕೆ ದೂರದ್ದಾದರೂ ಹೆಸರು ಅಷ್ಟೇನೂ ಅನುಚಿತವಲ್ಲ. ಅಂಗಳ ಹೋದ ಮೇಲೂ ಉಳಿಯುವ ಗುಣ ಎರಡಕ್ಕೂ ಸಮಾನ. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಭಕ್ತರು ಬೇವಿನ ಉಡುಗೆಯ ಹರಕೆ ಸಲ್ಲಿಸುವುದನ್ನು, ಈರುಳ್ಳಿ ತೂರುವುದನ್ನು ಬಲ್ಲವರಿಗೆ ಈ ಮರಕ್ಕೂ ರೋಗರುಜಿನದ ದೇವತೆಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಪ್ಲೇಗು ಕಾಲಿಟ್ಟ ಮೇಲೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ ಜನ, ಕೆಲವೆಡೆ ಅಲ್ಲಿಯೇ ಉಳಿದುಬಿಟ್ಟರು. ಹಳೆಯ ಊರಿನಲ್ಲಿ ಉಳಿದದ್ದು ಬೇವು ಮತ್ತು ಮಾರಮ್ಮ.

ಹುಣಸೆ ಅಂಗಳದ ಮರವಲ್ಲ. ಅದರ ನೆರಳಿನಲ್ಲಿ ಮಲಗಬಾರದು, ಅದರಲ್ಲಿ ದೆವ್ವವಿರುತ್ತದೆ ಎಂಬ ನಂಬಿಕೆ ಅದನ್ನು ಊರ ಅಂಚಿಗೆ, ಹೊಲದ ಬದುವಿಗೆ ಸರಿಸಿದೆ. ಆದ್ದರಿಂದ ಹಾಳೂರಿನ ಬಳಿ ಬೇವು ನಿಂತ ಕಡೆ ಮನೆಯೂ ಹಳೆಯ ಹುಣಸೆ ನಿಂತ ಕಡೆ ಊರಿನ ಎಲ್ಲೆಯೂ ಇದ್ದಿರಬೇಕೆಂದು ಸ್ಥೂಲವಾಗಿ ಊಹಿಸಬಹುದು. ಕನ್ನಡ ದಾನಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವಾಗ ಕಲ್ಲು, ಹುತ್ತ, ಹಳ್ಳಗಳೊಡನೆ ಮರಗಳನ್ನೂ ಹೆಸರಿಸುವುದು ಸರ್ವವಿದಿತ. ಎಪಿಗ್ರಾಫಿಯಾ ಕರ್ನಾಟಿಕದ ಚಿತ್ರದುರ್ಗ ಜಿಲ್ಲೆಯ ಸಂಪುಟವನ್ನು ಈ ಮರಗಳಿಗಾಗಿಯೇ ಒಮ್ಮೆ ಓದಬೇಕಾಗಿದೆ.

ಬೇಚರಾಕು

ಜನವಸತಿಯಿಲ್ಲದ ಗ್ರಾಮವನ್ನು ಕಂದಾಯ ಇಲಾಖೆ ಬೇಚರಾಕು ಎನ್ನುತ್ತದೆ. ಪಾರಸಿಯಲ್ಲಿ ಅದರ ಅರ್ಥ ದೀಪವಿಲ್ಲದ್ದು. ಇಲ್ಲೊಂದು ವಿಚಿತ್ರವಿದೆ. ದೀಪ ಆರಿದ ಊರು ಕಂದಾಯದ ಲೆಕ್ಕದಲ್ಲಿ ಗ್ರಾಮವಾಗಿಯೇ ಉಳಿಯುತ್ತದೆ. ದೀಪ ಉರಿಯುತ್ತಿರುವ ಎಷ್ಟೋ ಹಟ್ಟಿಗಳು ಅದೇ ಲೆಕ್ಕದಲ್ಲಿ ಗ್ರಾಮಗಳಾಗಿರಲಿಲ್ಲ. ಗೊಲ್ಲರಹಟ್ಟಿ, ನಾಯಕರಹಟ್ಟಿ, ತಾಂಡಾಗಳ ನಿವಾಸಿಗಳಿಗೆ ಮನೆಯ ಅಡಿಯ ನೆಲದ ಹಕ್ಕು ನೀಡಲು ಅವಕಾಶ ಕಲ್ಪಿಸುವ ಭೂಸುಧಾರಣಾ ತಿದ್ದುಪಡಿ ಬಂದದ್ದು 2017ರಲ್ಲಿ. ಇದು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಳತೆಗೆ ಸಿಗುವುದು ಗೋಡೆಯುಳ್ಳ ಮನೆ. ವರ್ಷಕ್ಕೊಮ್ಮೆ ಹೊಸದಾಗುವ ಕಳ್ಳೆಯ ರೊಪ್ಪ, ಕಳ್ಳೆ ಸವರುವ ಬಾರೆಯ ಬಯಲು ಹಕ್ಕುಪತ್ರದಲ್ಲಿ ಬರುವ ವಸ್ತುಗಳಲ್ಲ.

ಆ ಬಯಲಿನ ಬಹುಭಾಗ ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳ ಇಲಾಖೆಗೆ ಸೇರಿದ ಈ ಹುಲ್ಲುಗಾವಲುಗಳಲ್ಲಿ ಸುತ್ತಲ ಹಟ್ಟಿಗಳ ಮಂದೆಗಳೂ ಮೇಯುತ್ತಿದ್ದವು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು 2008ರ ನಂತರದ ವರ್ಷಗಳಲ್ಲಿ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಸುತ್ತ ಗೋಡೆಗಳು ಎದ್ದವು, ಜನ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ವಿವಾದದ ಗುಣದೋಷ ಈ ಲೇಖನದ ವ್ಯಾಪ್ತಿಗೆ ಹೊರತಾದುದು. ಇಲ್ಲಿ ಹೇಳಬೇಕಾದುದು ಇಷ್ಟು: ಆ ನೆಲ ಬಳಕೆಯಲ್ಲಿತ್ತು ಎಂಬುದಕ್ಕೆ ಹಟ್ಟಿಯವರು ತೋರಿಸಬಹುದಾಗಿದ್ದ ಸಾಕ್ಷ್ಯಗಳು ಕಾಗದದಲ್ಲಿರಲಿಲ್ಲ, ಸವರಿ ಸವರಿ ಗಂಟುಕಟ್ಟಿದ ಬಾರೆಯ ಬುಡಗಳಲ್ಲಿ, ಹಳೆಯ ರೊಪ್ಪಗಳ ಕಪ್ಪು ಮಣ್ಣಿನಲ್ಲಿ ಇದ್ದವು. ಮುಂದೆ ಹಟ್ಟಿಗಳನ್ನು ಗ್ರಾಮಗಳಾಗಿ ಗುರುತಿಸುವ ಅಳತೆ ನಡೆಯುವಾಗ ಮನೆಗಳ ಎಣಿಕೆಯ ಜೊತೆಗೆ ಹಟ್ಟಿ ಹಿಂದೆ ಇದ್ದ ಜಾಗಗಳು, ರೊಪ್ಪಗಳು, ಕಳ್ಳೆ ತರುವ ಎಡೆಗಳು, ಅಲ್ಲಿನ ಮರಗಳ ಹೆಸರು, ಅವುಗಳನ್ನು ತೋರಿಸಿದವರ ಮಾತು ಇವೆಲ್ಲವನ್ನೂ ದಾಖಲಿಸುವುದು ಕಷ್ಟದ ಕೆಲಸವೇನಲ್ಲ. ಕನ್ನಡ ವಿಭಾಗಗಳ ಕ್ಷೇತ್ರಕಾರ್ಯದ ಪ್ರಶ್ನಾವಳಿಗಳಲ್ಲಿ ಕುಲ, ಬೆಡಗು, ದೇವರು, ಹಾಡುಗಳ ನಂತರ ಬೇಲಿಗೆ ಯಾವ ಮುಳ್ಳು, ಎಲ್ಲಿಂದ, ಯಾವ ತಿಂಗಳಿನಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಸೇರಿಸಬಹುದು. ಕ್ಯಾತಪ್ಪನ ಗುಡಿಗೆ ಬಾರೆ ಕಳ್ಳೆಯನ್ನು ಈಗ ಯಾವ ನೆಲದಿಂದ ತರುತ್ತಾರೆ ಎಂಬುದನ್ನು ಮೊದಲು ಕೇಳಬೇಕು.